ಸಂಘದ ಅಂತರ್ಜಾಲ ವಿಳಾಸ: ದಾಖಲೆಗಳನ್ನು ಇಡುವ ಕ್ರಮ

ದೇಶದ ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ತಮ್ಮ ಅಂತರ್ಜಾಲ ವಿಳಾಸವನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ಹೆಸರಿಗೆ ಬದಲಾಯಿಸಬೇಕೆಂದು ರಿಸರ್ವ್ ಬ್ಯಾಂಕು ಅದೇ ವರ್ಷದ ಏಪ್ರಿಲಿನಲ್ಲಿ ಸೂಚಿಸಿತು. ಬ್ಯಾಂಕಿನ ಹೆಸರನ್ನೇ ಹೋಲುವ ಕಳ್ಳ ವಿಳಾಸಗಳಿಂದ ಗ್ರಾಹಕರು ಮೋಸಹೋಗುವುದನ್ನು ತಡೆಯುವುದೇ ಇದರ ಉದ್ದೇಶ. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯಿಸುತ್ತದೆ. ಮಲೆನಾಡಿನ ತೋಟಗಾರರ ಬ್ಯಾಂಕಾಗಲಿ, ಜಮಖಂಡಿ-ಮುಧೋಳದ ಕಬ್ಬು ಬೆಳೆಗಾರರು ಮತ್ತು ರಬಕವಿ-ಬನಹಟ್ಟಿಯ ನೇಕಾರರು ವ್ಯವಹರಿಸುವ ಅರ್ಬನ್ ಬ್ಯಾಂಕಾಗಲಿ, ನಿಯಮ ಒಂದೇ.

ಮಾರಾಟ ಸಂಘಗಳಿಗೆ ಈ ಕಟ್ಟಳೆ ಇಲ್ಲ. ಆದರೆ ಜಾಲತಾಣದ ಮೂಲಕ ಅಡಿಕೆ ಧಾರಣೆ ತಿಳಿಸುವ, ಕಾಫಿಪುಡಿ ಮಾರುವ ಸಂಘಗಳೂ ತಮ್ಮ ವಿಳಾಸದ ದಾಖಲೆಗಳು ಯಾರ ಕೈಯಲ್ಲಿವೆ ಎಂದು ಒಮ್ಮೆ ನೋಡಿಕೊಳ್ಳುವುದು ಅಗತ್ಯ.

ಹೆಸರು ಬೇರೆ, ನೆಲೆ ಬೇರೆ

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದಾಗಿ ಬೀಳಗಿ ತಾಲ್ಲೂಕಿನ ಅನೇಕ ಹಳ್ಳಿಗಳು ಪುನರ್ವಸತಿ ಕೇಂದ್ರಗಳಿಗೆ ಸ್ಥಳಾಂತರಗೊಂಡವು. ಇಂಥ ಊರಿನ ಹೆಸರು ಹಳೆಯದೇ ಉಳಿದರೂ ನೆಲೆ ಹೊಸದು. ಹೊಸ ನೆಲೆ ಅಂಚೆ ಕಚೇರಿಗೆ ತಿಳಿಯದಿದ್ದರೆ ಕಾಗದ ತಲುಪುವುದು ಹೇಗೆ?

ಜಾಲತಾಣದ ಸಂಗತಿಯೂ ಹೀಗೆಯೇ. ಜನರು ನೆನಪಿಡುವುದು ಹೆಸರನ್ನು. ಕಂಪ್ಯೂಟರುಗಳು ಒಂದನ್ನೊಂದು ಹುಡುಕುವುದು ಅಂಕಿಗಳಿಂದ. ಹೆಸರನ್ನು ಅಂಕಿಗೆ ಹೊಂದಿಸಿ ಕೊಡುವ ವ್ಯವಸ್ಥೆಗೆ ಡಿಎನ್‌ಎಸ್ ಎಂದು ಹೆಸರು. ಇದನ್ನು 1983ರಲ್ಲಿ ಅಮೆರಿಕದ ಪಾಲ್ ಮೊಕಪೆಟ್ರಿಸ್ ರೂಪಿಸಿದರು. ಅದಕ್ಕೂ ಮೊದಲು ಎಲ್ಲ ಹೆಸರುಗಳೂ ಒಂದೇ ಪಟ್ಟಿಯಲ್ಲಿದ್ದವು. ಈಗ ಪ್ರತಿಯೊಬ್ಬರೂ ತಮ್ಮ ಹೆಸರಿನ ದಾಖಲೆಯನ್ನು ತಾವೇ ಇಟ್ಟುಕೊಳ್ಳಬೇಕು.

ಮುಖ್ಯ ದಾಖಲೆಗಳು

1. ‘ಎನ್‌ಎಸ್’: ನಮ್ಮ ದಾಖಲೆಗಳ ಕಡತ ಯಾವ ಕಂಪ್ಯೂಟರಿನಲ್ಲಿದೆ ಎಂದು ತಿಳಿಸುತ್ತದೆ. ಇದು ತಪ್ಪಿದರೆ ಉಳಿದದ್ದೆಲ್ಲವೂ ತಪ್ಪುತ್ತದೆ.

2. ‘ಎ’: ಜಾಲತಾಣ ಇರುವ ಕಂಪ್ಯೂಟರಿನ ಅಂಕಿ. ಹೊಸ ಬಗೆಯ ಉದ್ದನೆಯ ಅಂಕಿಗೆ ‘ಎಎಎಎ’ ದಾಖಲೆ.

3. ‘ಎಂಎಕ್ಸ್’: ಸಂಘಕ್ಕೆ ಬರುವ ಇ-ಮೇಲ್ ಎಲ್ಲಿಗೆ ಹೋಗಬೇಕು ಎಂಬುದು.

4. ‘ಸಿನೇಮ್’: ಒಂದು ಹೆಸರು ಇನ್ನೊಂದರ ಅಡ್ಡಹೆಸರು ಎಂದು ಸಾರುವುದು.

5. ‘ಟಿಎಕ್ಸ್‌ಟಿ’: ಬರಹರೂಪದ ಟಿಪ್ಪಣಿ. ಸಂಘದ ಹೆಸರಿನಲ್ಲಿ ಇ-ಮೇಲ್ ಕಳಿಸಲು ಯಾವ ಕಂಪ್ಯೂಟರುಗಳಿಗೆ ಅಧಿಕಾರವಿದೆ ಎಂದು ಇಲ್ಲಿ ಬರೆಯಬಹುದು. ಇದಿಲ್ಲದಿದ್ದರೆ ನಮ್ಮ ಹೆಸರಿನಲ್ಲಿ ಸುಳ್ಳು ಬಿಲ್ಲು ಕಳಿಸುವವನಿಗೆ ಕೆಲಸ ಸುಲಭ. ನಾವು ಕಳಿಸಿದ ನಿಜವಾದ ಕಾಗದವೇ ಕಸದ ಬುಟ್ಟಿ ಸೇರಲೂಬಹುದು.

ಬದಲಾಯಿಸುವ ಕ್ರಮ

ಪ್ರತಿ ದಾಖಲೆಯ ಜೊತೆಗೆ ‘ಟಿಟಿಎಲ್’ ಎಂಬ ಅವಧಿ ಇರುತ್ತದೆ. ಒಮ್ಮೆ ಕೇಳಿ ತಿಳಿದ ಉತ್ತರವನ್ನು ಬೇರೆ ಕಂಪ್ಯೂಟರುಗಳು ಎಷ್ಟು ಹೊತ್ತು ನೆನಪಿಡಬಹುದು ಎಂಬ ಲೆಕ್ಕ ಇದು. 86400 ಸೆಕೆಂಡು ಎಂದಿದ್ದರೆ ಒಂದು ದಿನ. ಅಷ್ಟು ಹೊತ್ತು ಕೆಲವರಿಗೆ ಹಳೆಯ ನೆಲೆಯೇ ಕಾಣುತ್ತದೆ. ಆದ್ದರಿಂದ ಜಾಲತಾಣವನ್ನು ಸ್ಥಳಾಂತರಿಸುವ ಎರಡು ದಿನ ಮೊದಲೇ ಈ ಅವಧಿಯನ್ನು 300 ಸೆಕೆಂಡಿಗೆ ಇಳಿಸಿ, ಆಮೇಲೆ ಅಂಕಿ ಬದಲಾಯಿಸತಕ್ಕದ್ದು. ಕೆಲಸ ಸರಿಹೋದ ಮೇಲೆ ಅವಧಿಯನ್ನು ಮತ್ತೆ ಏರಿಸಬಹುದು. ಹಳೆಯ ಕಂಪ್ಯೂಟರನ್ನು ಕೆಲವು ದಿನ ನಡೆಸಿಕೊಂಡು ಬರುವುದು ಕ್ಷೇಮ.

ಕಡತವನ್ನೇ ಬೇರೆ ಕಂಪನಿಗೆ ಸಾಗಿಸುವಾಗ ‘ಎಂಎಕ್ಸ್’ ಮತ್ತು ‘ಟಿಎಕ್ಸ್‌ಟಿ’ ದಾಖಲೆಗಳು ಬಿಟ್ಟುಹೋಗುವುದುಂಟು. ಜಾಲತಾಣ ಚೆನ್ನಾಗಿ ಕಾಣುತ್ತಿರುತ್ತದೆ, ಆದರೆ ಖರೀದಿದಾರರ ಇ-ಮೇಲ್ ಬರುವುದೇ ಇಲ್ಲ. ಮೊದಲು ಎಲ್ಲ ದಾಖಲೆಗಳ ಪ್ರತಿ ತೆಗೆದು, ಹೊಸ ಕಡತದಲ್ಲಿ ಬರೆದು, ತಾಳೆ ನೋಡಿ, ಕೊನೆಯಲ್ಲಿ ‘ಎನ್‌ಎಸ್’ ಬದಲಾಯಿಸಬೇಕು.

ಒಡೆತನದ ವಿಚಾರ

ಜಮೀನಿನ ಉತಾರದಲ್ಲಿ ಬೇರೆಯವರ ಹೆಸರು ಇದ್ದರೆ ನಾವು ಸುಮ್ಮನಿರುತ್ತೇವೆಯೇ? ಹಾಗಿದ್ದರೂ ಸಂಘದ ಡೊಮೇನ್ ಹೆಸರು ಜಾಲತಾಣ ಮಾಡಿಕೊಟ್ಟ ಹುಡುಗನ ಖಾತೆಯಲ್ಲೋ, ನಿವೃತ್ತರಾದ ಕಾರ್ಯದರ್ಶಿಯ ಮೊಬೈಲಿನಲ್ಲೋ ಉಳಿದಿರುವುದನ್ನು ಯಾರೂ ವಿಚಾರಿಸುವುದಿಲ್ಲ. ಡೊಮೇನ್ ಹೆಸರನ್ನು ಯಾರೂ ಶಾಶ್ವತವಾಗಿ ಕೊಳ್ಳಲಾಗದು. ಅದಕ್ಕೆ ಅವಧಿ ಉಂಟು, ಕಾಲಕಾಲಕ್ಕೆ ನವೀಕರಿಸಬೇಕು. ನೆನಪಿನ ಪತ್ರ ಯಾರೂ ತೆರೆಯದ ಇ-ಮೇಲ್ ಖಾತೆಗೆ ಹೋಗಿ ಅವಧಿ ಮುಗಿದರೆ, ಮುಂದೆ ಆ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು. ಕೊಂಡವರು ನಮ್ಮ ಹೆಸರಿಗೆ ಬರುವ ಇ-ಮೇಲನ್ನೂ ತಮ್ಮತ್ತ ತಿರುಗಿಸಿಕೊಳ್ಳಬಲ್ಲರು. ಹೊಸ ಹೆಸರಿಗೆ ಹೋದ ಸಂಸ್ಥೆಗಳು ಹಳೆಯ ಹೆಸರನ್ನು ಕೂಡಲೇ ಬಿಟ್ಟುಕೊಡಬಾರದು ಎನ್ನುವುದು ಇದಕ್ಕಾಗಿಯೇ.

ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಪ್ರತಿ ಸಂಘವೂ ಈ ನಾಲ್ಕನ್ನು ಪರಿಶೀಲಿಸಲಿ: ನೋಂದಣಿ ಸಂಘದ ಹೆಸರಿನಲ್ಲಿದೆಯೇ, ಅವಧಿ ಮುಗಿಯುವ ದಿನ ಯಾವುದು, ಖಾತೆಯ ಪ್ರವೇಶ ಇಬ್ಬರು ಜವಾಬ್ದಾರರಲ್ಲಿ ಇದೆಯೇ, ದಾಖಲೆಗಳ ಮುದ್ರಿತ ಪ್ರತಿ ಕಚೇರಿಯ ಕಡತದಲ್ಲಿ ಇದೆಯೇ. ಈ ಕೆಲಸಕ್ಕೆ ಖರ್ಚಿಲ್ಲ, ಅರ್ಧ ಗಂಟೆಯ ಸಮಯ ಸಾಕು.