ಬಾಲ್ಯದ ಚಲನಚಿತ್ರ ಮತ್ತು ವಯಸ್ಸಿನ ಅರಿವು: ಕಳ್ಳಕವಟಗಿ ಪರಿಸರದ ನೆಲೆಯಿಂದ ಒಂದು ವಿವೇಚನೆ

1

ಬಾಲ್ಯದಲ್ಲಿ ನೋಡಿದ ಚಲನಚಿತ್ರವೊಂದು ಎಷ್ಟೋ ವರ್ಷಗಳ ಅನಂತರ ಕಿರುತೆರೆಯಲ್ಲಿಯೋ ಮೊಬೈಲಿನಲ್ಲಿಯೋ ಎದುರಾದಾಗ ‘ನಮಗೂ ವಯಸ್ಸಾತು’ ಎಂಬ ಉದ್ಗಾರ ಸಹಜವಾಗಿ ಹೊರಡುತ್ತದೆ. ಇಂತಹ ಮಾತನ್ನು ಬರಿಯ ಹಳಹಳಿಕೆಯೆಂದು ಬದಿಗಿರಿಸುವುದು ವಾಡಿಕೆ. ಆದರೆ ಈ ಉದ್ಗಾರದ ಹಿಂದೆ ಕಾಲವನ್ನು ಎಣಿಸುವ ಒಂದು ಕ್ರಮವಿದೆ. ಆ ಕ್ರಮದ ಸ್ವರೂಪವನ್ನು ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ಕಳ್ಳಕವಟಗಿ ಹಾಗೂ ಅದರ ಸುತ್ತಣ ಪರಿಸರವನ್ನು ಮುಂದಿಟ್ಟುಕೊಂಡು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಒಂದು ಸಂಗತಿಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ವಸ್ತುವೊಂದು ಹಳೆಯದಾಗಿದೆ ಎಂಬುದರಿಂದಲೇ ನೋಡುವವನಿಗೆ ತನ್ನ ವಯಸ್ಸಿನ ಅರಿವಾಗುವುದಿಲ್ಲ. ವಿಜಯಪುರದ ಪೇಟೆಗೆ ಹೋದಾಗಲೆಲ್ಲ ಗೋಳಗುಮ್ಮಟವನ್ನು ಕಾಣುವ ರೈತನು ಅದನ್ನು ಕಂಡು ತನಗೆ ವಯಸ್ಸಾಯಿತೆಂದು ಭಾವಿಸುವುದಿಲ್ಲ. ಗುಮ್ಮಟವು ಅವನ ಆಯುಷ್ಯದ ಅಳತೆಯನ್ನು ಮೀರಿದ್ದು. ಬಾಲ್ಯದ ಚಿತ್ರವಾದರೋ ಅವನ ಆಯುಷ್ಯದ ಒಳಗೇ ಹುಟ್ಟಿದ್ದು. ಅವನೊಡನೆ ಹೊರಟು, ನಡುದಾರಿಯಲ್ಲಿ ನಿಂತುಬಿಟ್ಟದ್ದು. ಹಾಗೆ ನಿಂತದ್ದರಿಂದಲೇ ತಾನು ಎಷ್ಟು ದೂರ ಬಂದೆನೆಂಬುದು ಅವನಿಗೆ ಕಾಣುತ್ತದೆ.

2

ಜನನದ ನೋಂದಣಿ ರೂಢಿಯಾಗುವ ಮುನ್ನ ನಮ್ಮ ಹಳ್ಳಿಗಳಲ್ಲಿ ವಯಸ್ಸನ್ನು ಇಸವಿಗಳಿಂದ ಎಣಿಸುತ್ತಿರಲಿಲ್ಲ. ಬರ, ಪ್ಲೇಗು, ಹೊಳೆಯ ಮಹಾಪೂರ, ಊರ ಗುಡಿಯ ಕಳಸ ಏರಿದ ದಿನ ಇವೇ ಎಣಿಕೆಯ ಗುರುತುಗಳಾಗಿದ್ದವು. ವಿಜಯಪುರ ಸೀಮೆಯಲ್ಲಿ 1791-92ರ ಭೀಕರ ಕ್ಷಾಮವು ‘ಡೋಗಿ ಬರ’ವೆಂಬ ಹೆಸರಿನಿಂದ ತಲೆಮಾರುಗಳ ನೆನಪಿನಲ್ಲಿ ಉಳಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಅಂತಹ ಗುರುತಾದದ್ದು 1972ರ ಬರ. ಅದು ಮಹಾರಾಷ್ಟ್ರವನ್ನೂ ಉತ್ತರ ಕರ್ನಾಟಕವನ್ನೂ ಒಟ್ಟಿಗೆ ಹಿಂಡಿತು. ಮಹಾರಾಷ್ಟ್ರದ ಜತ್ತ ಸೀಮೆಗೆ ಸಮೀಪವಿರುವ ಕಳ್ಳಕವಟಗಿ ಭಾಗದಲ್ಲಿ ‘ಎಪ್ಪತ್ತೆರಡರ ಬರದಾಗ ಹುಟ್ಟಿದಾಂವ’ ಎಂದರೆ ಅದು ಜನ್ಮದಾಖಲೆಗಿಂತ ಹೆಚ್ಚಿನ ಪ್ರಮಾಣ.

ಕನ್ನಡ ಚಲನಚಿತ್ರದ ಇತಿಹಾಸಕಾರರಿಗೆ ಇದೇ 1972 ಸುಗ್ಗಿಯ ವರ್ಷ. ಸಿದ್ದಲಿಂಗಯ್ಯನವರ ನಿರ್ದೇಶನದ ‘ಬಂಗಾರದ ಮನುಷ್ಯ’ ಆ ವರ್ಷದ ಮೊದಲ ಭಾಗದಲ್ಲಿಯೂ, ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಅದರ ಕೊನೆಯಲ್ಲಿಯೂ ತೆರೆಕಂಡವು. ಟಿ.ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿದ ‘ಬಂಗಾರದ ಮನುಷ್ಯ’ದ ನಾಯಕ ರಾಜೀವನು ಬಂಡೆಯನ್ನು ಒಡೆದು, ಬರಡುನೆಲವನ್ನು ಹಸನುಮಾಡಿ ಬೆಳೆ ತೆಗೆಯುತ್ತಾನೆ. ಬೆಂಗಳೂರು, ಮೈಸೂರುಗಳ ಪ್ರೇಕ್ಷಕರು ಇದನ್ನು ಆದರ್ಶವೆಂದು ಕಂಡರು. ಬರಪರಿಹಾರದ ಕಾಮಗಾರಿಯಲ್ಲಿ ಕೂಲಿಗಾಗಿ ಕಲ್ಲು ಒಡೆದ ಸೀಮೆಯ ಜನ, ಕೆಲವು ವರ್ಷಗಳ ಅನಂತರ ಆ ದೃಶ್ಯವನ್ನು ಪರದೆಯ ಮೇಲೆ ಕಂಡಾಗ ಅದಕ್ಕೆ ಬೇರೆಯೇ ಅರ್ಥ ಒದಗಿರಬೇಕು. ಬಾಲಕನಾಗಿ ಆ ಚಿತ್ರವನ್ನು ನೋಡಿದವನ ಮನಸ್ಸಿನಲ್ಲಿ ಬರದ ವರ್ಷವೂ ಚಿತ್ರದ ನೆನಪೂ ಒಂದರೊಳಗೊಂದು ಹೆಣೆದುಕೊಂಡಿರುವುದು ಸಹಜ. ಹೀಗೆ ಚಲನಚಿತ್ರವು ಬರ, ಜಾತ್ರೆಗಳ ಸಾಲಿನಲ್ಲಿ ಸೇರಿ ವಯೋಗಣನೆಯ ಗುರುತಾಗುತ್ತದೆ.

3

ಇಲ್ಲಿ ಬಿಡುಗಡೆಯ ವರ್ಷ ಮತ್ತು ಊರಿಗೆ ಬಂದ ವರ್ಷ ಎಂಬ ಎರಡು ವರ್ಷಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯ. ಚಿತ್ರದ ಪ್ರತಿಗಳು ಸೀಮಿತ ಸಂಖ್ಯೆಯಲ್ಲಿ ಸಿದ್ಧವಾಗುತ್ತಿದ್ದ ಕಾಲದಲ್ಲಿ ಅವು ಮೊದಲು ದೊಡ್ಡ ನಗರಗಳಲ್ಲಿ ಓಡಿ, ಬಳಿಕ ಜಿಲ್ಲಾಕೇಂದ್ರಗಳಿಗೆ ಬಂದು, ಕೊನೆಯಲ್ಲಿ ಸವೆದು ಗೀರುಬಿದ್ದ ಸ್ಥಿತಿಯಲ್ಲಿ ಸಂಚಾರಿ ಚಿತ್ರಮಂದಿರಗಳ ತಂಬುಗಳನ್ನು ಸೇರುತ್ತಿದ್ದವು. ಬೆಂಗಳೂರಿನಿಂದ 500 ಕಿಲೋಮೀಟರಿಗೂ ಹೆಚ್ಚು ದೂರವಿರುವ ಈ ಸೀಮೆಯ ಹಳ್ಳಿಗರಿಗೆ ಹೊಸ ಚಿತ್ರವೆಂದರೆ ಇನ್ನೂ ನೋಡದ ಚಿತ್ರ. ಅದು ತಯಾರಾದ ವರ್ಷ ಯಾವುದೇ ಇರಲಿ. ಅವಿಭಜಿತ ವಿಜಾಪುರ ಜಿಲ್ಲೆಯ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳ ಪಕ್ಕದಲ್ಲಿಯೇ ಸಿನೆಮಾದ ತಂಬುಗಳೂ ಇರುತ್ತಿದ್ದವು. ಚಿತ್ರವು ಜಾತ್ರೆಯ ತಿಥಿಯನ್ನು ಹಿಡಿದು ನೆನಪಾಗುತ್ತಿತ್ತೇ ಹೊರತು ಇಸವಿಯನ್ನು ಹಿಡಿದಲ್ಲ.

ಇದರ ಪರಿಣಾಮವಾಗಿ ಒಂದೇ ಚಿತ್ರ ಒಂದೇ ಮನೆಯ ಎರಡು, ಮೂರು ತಲೆಮಾರುಗಳಿಗೆ ಬಾಲ್ಯದ ಚಿತ್ರವಾಗಲು ಸಾಧ್ಯವಾಯಿತು. ತಂಬಿನಲ್ಲಿ ನೆಲದ ಮೇಲೆ ಕುಳಿತು ‘ನಾಗರಹಾವು’ ನೋಡಿದವನ ಮಗನು ಅದನ್ನು ದೂರದರ್ಶನದಲ್ಲಿಯೋ, 1994ರಲ್ಲಿ ಆರಂಭವಾದ ಉದಯ ಟಿ.ವಿ.ಯಂತಹ ಉಪಗ್ರಹ ವಾಹಿನಿಯಲ್ಲಿಯೋ ನೋಡಿದನು. ಮೊಮ್ಮಗನು 2018ರಲ್ಲಿ ಹೊಸ ತಂತ್ರಜ್ಞಾನದೊಂದಿಗೆ ಮರುಬಿಡುಗಡೆಯಾದ ರೂಪದಲ್ಲಿ ನೋಡಿರಬಹುದು. ಮೂವರಿಗೂ ಕಥೆ ಒಂದೇ, ಹಾಡು ಒಂದೇ. ಬೇರೆಯಾದದ್ದು ನೋಡಿದ ಬಗೆ. ಆದ್ದರಿಂದ ಹಿರಿಯನಿಗೆ ವಯಸ್ಸಿನ ಅರಿವು ತರುವುದು ಚಿತ್ರದಷ್ಟೇ ಅಲ್ಲ; ಚಿತ್ರ ಉಳಿದು ತಂಬು ಇಲ್ಲವಾದದ್ದು. ಹಾಸಿಕೊಳ್ಳಲು ಮನೆಯಿಂದ ಒಯ್ದ ಗೋಣಿಚೀಲ, ರೀಲು ಬದಲಿಸುವಾಗಿನ ಕತ್ತಲೆ, ಹಿಂದಿರುಗುವಾಗ ಬಂಡಿಯಲ್ಲಿ ನಿದ್ದೆಹೋದ ತಂಗಿ ಇವು ಯಾವುವೂ ಮೊಬೈಲಿನ ತೆರೆಯ ಮೇಲೆ ಮರಳುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಗಣನೆ ಇನ್ನೂ ಭಿನ್ನವಾದುದು. ಗಂಡುಹುಡುಗರು ಗೆಳೆಯರೊಡನೆ ಪಕ್ಕದ ಊರಿನ ತಂಬಿಗೆ ನಡೆದೇ ಹೋಗಬಹುದಾಗಿತ್ತು. ಹುಡುಗಿಯರಿಗೆ ಹಿರಿಯರ ಸಂಗಡ, ಅದರಲ್ಲಿಯೂ ಬಹುಮಟ್ಟಿಗೆ ಭಕ್ತಿಪ್ರಧಾನ ಚಿತ್ರಗಳಿಗೆ ಮಾತ್ರ ಅವಕಾಶವಿರುತ್ತಿತ್ತು. ತಮ್ಮ ಓರಗೆಯ ಹುಡುಗರು ಬಾಲ್ಯದಲ್ಲಿ ಕಂಡ ಚಿತ್ರಗಳನ್ನು ಅನೇಕ ಮಹಿಳೆಯರು ಕಂಡದ್ದು ಮದುವೆಯಾಗಿ, ಮಕ್ಕಳಾಗಿ, ಮನೆಗೆ ಟಿ.ವಿ. ಬಂದ ಮೇಲೆ. ‘ಬಾಲ್ಯದ ಚಿತ್ರ’ವೆಂಬ ಪರಿಕಲ್ಪನೆಯೇ ಗಂಡಿನ ಅನುಭವವನ್ನು ಸಾಮಾನ್ಯವೆಂದು ಗ್ರಹಿಸಿ ರೂಪುಗೊಂಡಿದೆ ಎಂಬುದನ್ನು ಇಲ್ಲಿ ಗಮನಿಸಬೇಕು.

4

ಪ್ರದರ್ಶನ ಕಲೆಗಳು ಈ ಸೀಮೆಗೆ ಹೊಸವಲ್ಲ. ಶ್ರೀಕೃಷ್ಣ ಪಾರಿಜಾತ, ದೊಡ್ಡಾಟ, ಕಂಪನಿ ನಾಟಕಗಳನ್ನು ಕಂಡುಂಡ ಜನ ಇವರು. ಆದರೂ ಬಾಲ್ಯದಲ್ಲಿ ಕಂಡ ಪಾರಿಜಾತವನ್ನು ಮತ್ತೆ ನೋಡಿದಾಗ ‘ವಯಸ್ಸಾತು’ ಎಂಬ ಭಾವ ಅಷ್ಟು ತೀವ್ರವಾಗಿ ಮೂಡುವುದಿಲ್ಲ. ಇದಕ್ಕೆ ಕಾರಣ ಆಟದ ಸ್ವರೂಪದಲ್ಲಿಯೇ ಇದೆ. ಆಟದಲ್ಲಿ ಪಾತ್ರ ಉಳಿಯುತ್ತದೆ, ಪಾತ್ರಧಾರಿ ಬದಲಾಗುತ್ತಾನೆ. ನಿನ್ನೆಯ ಕೃಷ್ಣನು ಇಂದು ಹಿಮ್ಮೇಳದಲ್ಲಿ ಕುಳಿತರೆ ಅವನ ಶಿಷ್ಯನು ಕಿರೀಟ ಧರಿಸುತ್ತಾನೆ. ಪ್ರತಿ ರಾತ್ರಿಯೂ ಆಟಕ್ಕೆ ಅಂದಿನದೇ ವಯಸ್ಸು. ನೋಡುವವರೂ ಆಡುವವರೂ ಜೊತೆಜೊತೆಯಾಗಿ ಮುಪ್ಪಾಗುತ್ತಾರೆ.

ಚಲನಚಿತ್ರದಲ್ಲಿ ಪಾತ್ರವೂ ಪಾತ್ರಧಾರಿಯೂ ಒಂದೇ ಬಿಂಬದಲ್ಲಿ ಬೆಸೆದುಕೊಂಡಿರುತ್ತಾರೆ. ಹುನಗುಂದ ತಾಲ್ಲೂಕಿನ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಇದಕ್ಕೆ ಒಳ್ಳೆಯ ನಿದರ್ಶನ. ನಾಟಕವಾಗಿ ಅದು ಎಷ್ಟೋ ರಂಗಗಳ ಮೇಲೆ ಹೊಸ ಹೊಸ ನಟರನ್ನು ಪಡೆಯಿತು. 1974ರಲ್ಲಿ ಚಲನಚಿತ್ರವಾದ ಮೇಲೆ ಅದರ ನಾಯಕ ಎಂದೆಂದಿಗೂ ಆ ವರ್ಷದ ರಾಜಕುಮಾರರೇ. ಛಾಯಾಚಿತ್ರವು ಕಾಲವನ್ನು ಕೆಡದಂತೆ ಕಾಪಿಡುವ ಮನುಷ್ಯನ ಬಹುಕಾಲದ ಬಯಕೆಯನ್ನು ಈಡೇರಿಸುತ್ತದೆ ಎಂಬ ಆಶಯವನ್ನು ಫ್ರೆಂಚ್ ಚಿಂತಕ ಆಂದ್ರೆ ಬಾಜಿನ್ 1945ರ ತನ್ನ ಪ್ರಬಂಧದಲ್ಲಿ ಮಂಡಿಸಿದ್ದಾನೆ. ಕಾಪಿಟ್ಟದ್ದು ಪರದೆಯ ಮೇಲಿನ ಕಾಲವನ್ನು ಮಾತ್ರ. ಪರದೆಯ ಮುಂದಿನ ಕಾಲ ಸರಿಯುತ್ತಲೇ ಇರುತ್ತದೆ. ಇವೆರಡರ ನಡುವಿನ ಅಂತರವೇ ವಯಸ್ಸಿನ ಅರಿವಾಗಿ ಪ್ರಕಟಗೊಳ್ಳುತ್ತದೆ.

5

ಚಿತ್ರ ಬದಲಾಗದಿದ್ದರೂ ಅದರ ಅರ್ಥ ಬದಲಾಗುತ್ತದೆ. ನೋಡುಗನ ಸಹಾನುಭೂತಿ ಒಂದು ಪಾತ್ರದಿಂದ ಇನ್ನೊಂದು ಪಾತ್ರಕ್ಕೆ ಸರಿಯುವುದೇ ಈ ಬದಲಾವಣೆಯ ಲಕ್ಷಣ. ಎನ್. ಲಕ್ಷ್ಮೀನಾರಾಯಣರ ನಿರ್ದೇಶನದ ‘ಬೆಟ್ಟದ ಹೂವು’ (1985) ಚಿತ್ರದ ಬಡ ಬಾಲಕ ರಾಮು ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಲು ಕಾಸು ಕೂಡಿಡುತ್ತಾನೆ. ಕಡೆಗೆ ಆ ಹಣದಿಂದ ಮನೆಯವರಿಗಾಗಿ ಕಂಬಳಿ ಕೊಳ್ಳುತ್ತಾನೆ. ಹತ್ತರ ವಯಸ್ಸಿನ ಪ್ರೇಕ್ಷಕನು ಕೈತಪ್ಪಿದ ಪುಸ್ತಕಕ್ಕಾಗಿ ಮರುಗುತ್ತಾನೆ. ಅದೇ ಪ್ರೇಕ್ಷಕನು ತಂದೆಯಾದ ಮೇಲೆ, ಮಗುವಿನ ಪುಸ್ತಕದ ಹಣದಲ್ಲಿ ಕಂಬಳಿ ಕಾಣಬೇಕಾದ ಮನೆಗಾಗಿ ಮರುಗುತ್ತಾನೆ. ‘ನಾಗರಹಾವು’ ಚಿತ್ರದಲ್ಲಿ ಹರೆಯದವರು ರಾಮಾಚಾರಿಯ ಪಕ್ಷ. ನಡುವಯಸ್ಸಿನವರಿಗೆ ಚಾಮಯ್ಯ ಮೇಷ್ಟ್ರ ಸಂಕಟ ಅರ್ಥವಾಗತೊಡಗುತ್ತದೆ. ತಾನು ಯಾರ ಪಕ್ಷದಲ್ಲಿದ್ದೇನೆ ಎಂಬುದರಿಂದ ಪ್ರೇಕ್ಷಕನಿಗೆ ತನ್ನ ವಯಸ್ಸು ತಿಳಿಯುತ್ತದೆ. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು, ಕೆ.ಎಸ್. ಅಶ್ವತ್ಥ್ 2010ರ ಜನವರಿ 18ರಂದು, ಹೀಗೆ ಶಿಷ್ಯನೂ ಗುರುವೂ ಮೂರು ವಾರಗಳೊಳಗೆ ತೀರಿಕೊಂಡಾಗ ಆ ತಲೆಮಾರಿನ ಪ್ರೇಕ್ಷಕರಿಗೆ ತಮ್ಮ ಆಯುಷ್ಯದ ಒಂದು ಘಟ್ಟವೇ ಮುಗಿದಂತಾದುದು ಇದೇ ಕಾರಣದಿಂದ.

ಈ ಅನುಭವಕ್ಕೆ ಕನ್ನಡ ಭಾಷೆಯಲ್ಲಿ ವಿಶೇಷವಾದ ಒಂದು ಆಯಾಮವಿದೆ. ‘ಸಹೋದರ’ ಸಂಸ್ಕೃತದ ಪದ. ದಿನಬಳಕೆಯ ಕನ್ನಡ ಅಣ್ಣ ಅಥವಾ ತಮ್ಮ, ಅಕ್ಕ ಅಥವಾ ತಂಗಿ ಎಂದೇ ಗುರುತಿಸುತ್ತದೆ. ಬಾಂಧವ್ಯವನ್ನು ಹೇಳಿದರೆ ವಯಸ್ಸಿನ ಕ್ರಮವನ್ನೂ ಹೇಳಿದಂತೆಯೇ. ಕನ್ನಡದ ಪ್ರೇಕ್ಷಕ ನಟನನ್ನು ಈ ಕ್ರಮದೊಳಗೇ ಸೇರಿಸಿಕೊಂಡಿದ್ದಾನೆ. ‘ಮಾಲ್ಗುಡಿ ಡೇಸ್’ ಧಾರಾವಾಹಿಯಿಂದ ಸ್ವಾಮಿಯೆಂಬ ಹುಡುಗನನ್ನು ಮನೆಮನೆಗೆ ತಂದ ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 35 ವರ್ಷ. ಅಂದು ಹತ್ತು ವರ್ಷದವನಾಗಿದ್ದು ಅವರನ್ನು ‘ಶಂಕ್ರಣ್ಣ’ ಎಂದು ಕರೆದವನು ಇಂದು ಅವರಿಗಿಂತ ಹಿರಿಯ. ವಯಸ್ಸಿನ ಲೆಕ್ಕದಲ್ಲಿ ಅಣ್ಣ ತಮ್ಮನಾಗಿದ್ದಾನೆ, ಬಾಯಲ್ಲಿ ಮಾತ್ರ ಅಣ್ಣನೇ ಉಳಿದಿದ್ದಾನೆ. ಕ್ರಮ ತಲೆಕೆಳಗಾದರೂ ಸಂಬೋಧನೆ ಬದಲಾಗದಿರುವ ಈ ಸ್ಥಿತಿಯಲ್ಲಿ ವಯಸ್ಸಿನ ಅರಿವು ಅತ್ಯಂತ ನಿಚ್ಚಳವಾಗಿ ಕಾಣಿಸಿಕೊಳ್ಳುತ್ತದೆ.

ಬಾಲನಟರ ಸಂಗತಿ ಇನ್ನೂ ನಿಕಟವಾದುದು. 1975ರಲ್ಲಿ ಜನಿಸಿದ ಪುನೀತ್ ರಾಜಕುಮಾರ್ ‘ಮಾಸ್ಟರ್ ಲೋಹಿತ್’ ಎಂಬ ಹೆಸರಿನಲ್ಲಿ ‘ಚಲಿಸುವ ಮೋಡಗಳು’ (1982), ‘ಭಕ್ತ ಪ್ರಹ್ಲಾದ’ (1983) ಮೊದಲಾದ ಚಿತ್ರಗಳಲ್ಲಿ ಕಾಣಿಸಿಕೊಂಡರು. ‘ಬೆಟ್ಟದ ಹೂವು’ ಚಿತ್ರದ ರಾಮುವಿನ ಪಾತ್ರಕ್ಕೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಪಡೆದರು. ಅವರ ಓರಗೆಯ ಮಕ್ಕಳಿಗೆ ಅವರು ಅಣ್ಣನೂ ಅಲ್ಲ, ತಮ್ಮನೂ ಅಲ್ಲ, ಜೊತೆಗಾರ. ಆ ಮಕ್ಕಳು ಬೆಳೆದು ಸಂಸಾರಸ್ಥರಾಗುವ ಹೊತ್ತಿಗೆ ಅವರು ‘ಅಪ್ಪು’ (2002) ಚಿತ್ರದ ನಾಯಕರಾದರು. 2021ರ ಅಕ್ಟೋಬರ್ 29ರಂದು, 46ರ ವಯಸ್ಸಿನಲ್ಲಿ ಅವರು ನಿಧನರಾದಾಗ ಹಳ್ಳಿಹಳ್ಳಿಗಳಲ್ಲಿ ವ್ಯಕ್ತವಾದ ದುಃಖವನ್ನು ತಾರಾಭಿಮಾನವೆಂದಷ್ಟೇ ವಿವರಿಸಲಾಗದು. ಒಂದು ತಲೆಮಾರು ತನ್ನದೇ ಬಾಲ್ಯದ ಅಂತ್ಯವನ್ನು ಕಂಡ ಗಳಿಗೆಯದು. 2025ರ ಮಾರ್ಚ್‌ನಲ್ಲಿ ‘ಅಪ್ಪು’ ಮರುಬಿಡುಗಡೆಯಾದಾಗ ಅದನ್ನು ಚಿಕ್ಕಂದಿನಲ್ಲಿ ಕಂಡಿದ್ದ ಮುಂದಿನ ತಲೆಮಾರಿನವರು ‘ನಮಗೂ ವಯಸ್ಸಾತು’ ಎನ್ನುವ ಸರದಿ ಪಡೆದರು.

6

ಚಲನಚಿತ್ರಗಳ ಇತಿಹಾಸ ಬರೆಯುವವರು ಬಿಡುಗಡೆಯ ವರ್ಷ, ನಿರ್ದೇಶಕ, ನಟವರ್ಗ, ಓಡಿದ ದಿನಗಳನ್ನು ದಾಖಲಿಸಿದ್ದಾರೆ. ಚಿತ್ರವು ಕಳ್ಳಕವಟಗಿಯಂತಹ ಊರಿಗೆ ಯಾವ ಸುಗ್ಗಿಯಲ್ಲಿ ಬಂತು, ಯಾರು ಯಾರ ಸಂಗಡ ಹೋದರು, ಮನೆಯಲ್ಲಿ ಉಳಿದವರಾರು, ಕನ್ನಡ ಚಿತ್ರದೊಡನೆ ಗಡಿಯಾಚೆಯ ಮರಾಠಿ ಚಿತ್ರವೂ ಬರುತ್ತಿತ್ತೇ ಎಂಬ ವಿವರಗಳು ಯಾವ ಪುಸ್ತಕದಲ್ಲಿಯೂ ಸಿಗುವುದಿಲ್ಲ. ಅವು ಇರುವುದು ‘ನಮಗೂ ವಯಸ್ಸಾತು’ ಎನ್ನುವವರ ನೆನಪಿನಲ್ಲಿ ಮಾತ್ರ. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ (1934) ಚಿತ್ರದ ಪ್ರತಿಯೇ ಇಂದು ನಮಗೆ ಲಭ್ಯವಿಲ್ಲ. ಚಿತ್ರಗಳನ್ನು ಕಳೆದುಕೊಂಡ ನಾವು ಪ್ರೇಕ್ಷಕರನ್ನೂ ದಾಖಲಿಸದೆ ಕಳೆದುಕೊಳ್ಳುವ ಹಂತದಲ್ಲಿದ್ದೇವೆ. ತಂಬಿನ ಕಾಲದ ಮಕ್ಕಳಲ್ಲಿ ಹಲವರು ಈಗ ಅರವತ್ತು, ಎಪ್ಪತ್ತು ದಾಟಿದ್ದಾರೆ.

ಈ ನೆನಪುಗಳು ನೆಲದ ಚರಿತ್ರೆಗೂ ಆಕರಗಳಾಗಬಲ್ಲವು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಭಾಗವನ್ನು ಮುಟ್ಟಿದೆ. ತಿಕೋಟಾ ಸೀಮೆ ದ್ರಾಕ್ಷಿಗೆ ಹೆಸರಾಗಿದೆ. ಬರದ ನೆನಪಿನೊಡನೆ ‘ಬಂಗಾರದ ಮನುಷ್ಯ’ವನ್ನು ಕಂಡವನು ಇಂದು ಅದನ್ನೇ ದ್ರಾಕ್ಷಿ ಪಡದ ನೆರಳಿನಲ್ಲಿ ಕುಳಿತು ಕಂಡರೆ, ಆ ಎರಡು ನೋಟಗಳ ನಡುವೆ ಈ ಸೀಮೆಯ ಐವತ್ತು ವರ್ಷಗಳ ಬದುಕು ಇದೆ. ಜನಪದ ಗೀತೆ, ಐತಿಹ್ಯಗಳನ್ನು ಸಂಗ್ರಹಿಸಿದ ಶ್ರದ್ಧೆಯಿಂದಲೇ ನಮ್ಮ ಕನ್ನಡ ವಿಭಾಗಗಳು ಚಲನಚಿತ್ರ ವೀಕ್ಷಣೆಯ ಮೌಖಿಕ ಚರಿತ್ರೆಯನ್ನೂ ಸಂಗ್ರಹಿಸಬೇಕಾಗಿದೆ. ಇದಕ್ಕೆ ದೊಡ್ಡ ಸಲಕರಣೆಗಳು ಬೇಕಿಲ್ಲ. ಹಿರಿಯರೊಬ್ಬರನ್ನು, ಅದರಲ್ಲಿಯೂ ಈವರೆಗೆ ಯಾರೂ ಕೇಳದ ಹಿರಿಯ ಮಹಿಳೆಯೊಬ್ಬರನ್ನು, ‘ನೀವು ಮೊದಲ ಪಿಚ್ಚರ್ ನೋಡಿದ್ದು ಎಲ್ಲಿ, ಯಾರ ಕೂಡ?’ ಎಂದು ಕೇಳಿ, ಬರುವ ಉತ್ತರವನ್ನು ಅವರದೇ ಮಾತಿನಲ್ಲಿ ಬರೆದಿಟ್ಟುಕೊಳ್ಳುವುದರಿಂದ ಈ ಕಾರ್ಯವನ್ನು ಆರಂಭಿಸಬಹುದು.