ಎಂಟನೆಯ ತಿಂಗಳ ಕೂಸು

ಆತುರಗಾರನನ್ನು ಕಂಡರೆ ‘ಏಳು ತಿಂಗಳಿಗೇ ಹುಟ್ಟಿದವನೇನೋ’ ಎಂದು ನಗೆಯಾಡುವುದು ನಮ್ಮ ಮನೆಗಳಲ್ಲಿ ವಾಡಿಕೆ. ಎಂಟನೆಯ ತಿಂಗಳ ಮಾತು ಬಂದರೆ ಆ ನಗೆ ಅಡಗುತ್ತದೆ. ಏಳು ತಿಂಗಳ ಕೂಸಾದರೂ ಉಳಿದೀತು, ಎಂಟು ತಿಂಗಳದು ಉಳಿಯದು ಎಂಬ ಭಯ ಬಹು ಹಳೆಯದು. ಎಂಟನೆಯ ತಿಂಗಳಲ್ಲಿ ಓಜಸ್ಸು ಸ್ಥಿರವಾಗಿರದೆಂದು ಆಯುರ್ವೇದದ ಸಂಹಿತೆಗಳು ಹೇಳಿದುವು. ಗ್ರೀಸಿನಲ್ಲಿ ಹಿಪಾಕ್ರಟೀಸನ ಪರಂಪರೆಯ ವೈದ್ಯರೂ ಎಂಟನೆಯ ತಿಂಗಳಿಗೆ ಅಂಜಿದರು. ಇಂದಿನ ಅನುಭವ ಇದಕ್ಕೆ ವಿರುದ್ಧವಾದುದು. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಕೂಸಿಗೆ ಬಲ ಕೂಡಿಸುತ್ತದೆ. ಏಳಕ್ಕಿಂತ ಎಂಟು ಮೇಲು, ಎಂಟಕ್ಕಿಂತ ಒಂಬತ್ತು ಮೇಲು.

ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ ಗರ್ಭಾವಧಿ 40 ವಾರ. 37 ವಾರ ತುಂಬುವ ಮೊದಲೇ ಹುಟ್ಟಿದುದು ಅಕಾಲ ಶಿಶು. 2020ರಲ್ಲಿ ಭಾರತದಲ್ಲಿ ಇಂತಹ ಶಿಶುಗಳು ಸುಮಾರು 30 ಲಕ್ಷ ಜನಿಸಿದುವೆಂದು ಅಂದಾಜು. ಬೇರಾವ ದೇಶದಲ್ಲಿಯೂ ಇಷ್ಟಿರಲಿಲ್ಲ. ಇವುಗಳಲ್ಲಿ ಬಹುಪಾಲು 32ರಿಂದ 36 ವಾರಗಳ ನಡುವೆ ಹುಟ್ಟುವಂಥವು.

ಕಣ್ಣಿಗೆ ಕಾಣದ ಕೊರತೆ

35 ವಾರದ ಕೂಸು ನೋಟಕ್ಕೆ ತುಂಬು ತಿಂಗಳ ಕೂಸಿನಂತೆಯೇ ಇರಬಹುದು. ಮೋಸವಿರುವುದು ಇಲ್ಲಿಯೇ. ಚರ್ಮದಡಿಯ ಕೊಬ್ಬು ತೆಳುವಾದುದರಿಂದ ಮೈ ಬೇಗ ತಣ್ಣಗಾಗುತ್ತದೆ. ಹೀರುವುದು, ನುಂಗುವುದು, ಉಸಿರಾಡುವುದು ಈ ಮೂರೂ ಹೊಂದಿಕೊಂಡು ನಡೆಯುವ ಶಕ್ತಿ ಸುಮಾರು 34ನೆಯ ವಾರದಲ್ಲಷ್ಟೇ ಕೂಡಿಬರತೊಡಗುತ್ತದೆ. ಆದುದರಿಂದ ಕೂಸು ನಾಲ್ಕು ಗುಟುಕಿಗೇ ದಣಿದು ನಿದ್ದೆಹೋಗುತ್ತದೆ. ‘ಪಾಪ, ಅಳುವುದೇ ಇಲ್ಲ, ಬಲು ಸಾಧು’ ಎಂದು ಹಿರಿಯರು ಸಂತೋಷಪಡುವ ಹೊತ್ತಿನಲ್ಲಿ ಅದರ ರಕ್ತದ ಸಕ್ಕರೆ ಇಳಿಯುತ್ತಿರಬಹುದು, ಕಾಮಾಲೆ ಏರುತ್ತಿರಬಹುದು. ಇಂತಹ ಕೂಸನ್ನು ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಿ ಹಾಲೂಡಿಸಬೇಕು. ಕಣ್ಣು, ಮೈ ಹಳದಿಯಾದರೆ, ಹಾಲು ಬಿಟ್ಟರೆ, ಉಸಿರು ವೇಗವಾದರೆ ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು.

ಮೈ ತಣ್ಣಗಾಗದಂತೆ ಕಾಯುವ ಉಪಾಯ ತಾಯಿಯ ಬಳಿಯೇ ಇದೆ. ಬರಿಯ ಎದೆಗೆ ಬರಿಮೈಯ ಕೂಸನ್ನು ಅವಚಿಕೊಂಡು ಬಟ್ಟೆ ಸುತ್ತಿಕೊಳ್ಳುವ ‘ಕಾಂಗರೂ ಆರೈಕೆ’ 1978ರಲ್ಲಿ ಕೊಲಂಬಿಯದ ಬೊಗೋಟ ನಗರದಲ್ಲಿ ಆರಂಭವಾಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಇದನ್ನು ವ್ಯಾಪಕವಾಗಿ ಆಚರಣೆಗೆ ತರುವ ಪ್ರಯೋಗ ನಡೆದಿದೆ. ತಾಯಿ ದಣಿದಾಗ ತಂದೆಯೋ ಅಜ್ಜಿಯೋ ಈ ಕೆಲಸವನ್ನು ವಹಿಸಿಕೊಳ್ಳಬಹುದು.

ಮಿಷನ್ ಆಸ್ಪತ್ರೆಯ ಕಡತಗಳು

ಹುಟ್ಟಿದ ದಿನದ ಸ್ಥಿತಿಗೂ ಮುಂದಿನ ಬಾಳಿಗೂ ಇರುವ ನಂಟನ್ನು ಜಗತ್ತಿಗೆ ತೋರಿದ ಊರುಗಳಲ್ಲಿ ಮೈಸೂರೂ ಒಂದು. ಊರಿನವರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡಲಾಗಿತ್ತು. ದಶಕಗಳು ಕಳೆದ ಮೇಲೆ ಸಂಶೋಧಕರು ಆಸ್ಪತ್ರೆಯ ಸುತ್ತಣ ಬೀದಿಗಳಲ್ಲಿ ಮನೆ ಮನೆಗೂ ಹೋಗಿ, ಆ ಕಡತಗಳ ಕೂಸುಗಳನ್ನು ನಡುವಯಸ್ಸಿನವರಾಗಿ ಕಂಡರು. 1996ರಲ್ಲಿ ಪ್ರಕಟವಾದ ವರದಿಯಲ್ಲಿ ಅಂತಹ 517 ಜನರ ವಿವರವಿತ್ತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು, 3.1 ಕಿಲೋ ಮೀರಿದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ.

ಅವು ತೂಕದ ಲೆಕ್ಕಗಳೇ ಹೊರತು ವಾರಗಳ ಲೆಕ್ಕವಲ್ಲ. ಬೇಗ ಹುಟ್ಟಿದುದೂ ಗರ್ಭದಲ್ಲಿ ಸೊರಗಿದುದೂ ಒಂದೇ ಅಲ್ಲ. ಆದರೂ ಬಾಳಿನ ಆರಂಭ ಕೊನೆಯವರೆಗೆ ನೆರಳು ಚಾಚಬಲ್ಲುದೆಂಬ ತಿಳಿವಳಿಕೆಗೆ ಅವು ಆಧಾರವಾದುವು.

ಬುದ್ಧಿ, ಕಣ್ಣು, ಕಿವಿ

34ನೆಯ ವಾರದಲ್ಲಿ ಮಿದುಳಿನ ತೂಕ ತುಂಬು ತಿಂಗಳ ಮಿದುಳಿನ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ. ಇಂಗ್ಲೆಂಡಿನಲ್ಲಿ 32ರಿಂದ 36 ವಾರಕ್ಕೆ ಹುಟ್ಟಿದ ಮಕ್ಕಳನ್ನು ಎರಡನೆಯ ವಯಸ್ಸಿನಲ್ಲಿ ಪರೀಕ್ಷಿಸಿದಾಗ, ಬೆಳವಣಿಗೆಯ ತೊಂದರೆಗಳ ಸಂಭವ ತುಂಬು ತಿಂಗಳ ಮಕ್ಕಳಿಗಿಂತ ಸುಮಾರು ಇಮ್ಮಡಿಯಿದ್ದಿತು. ಇಮ್ಮಡಿಯೆಂದು ತಾಯಂದಿರು ಎದೆಗುಂದಬೇಕಾಗಿಲ್ಲ. ಬಹುಪಾಲು ಮಕ್ಕಳು ಅಂತಹ ತೊಂದರೆಯಿಲ್ಲದೆಯೇ ಬೆಳೆದಿದ್ದರು. ಬೇಕಾದುದು ಭಯವಲ್ಲ, ಗಮನ.

ಮಗುವಿನ ಬೆಳವಣಿಗೆಯನ್ನು ಅಳೆಯುವಾಗ ಬೇಗ ಬಂದ ವಾರಗಳನ್ನು ಕಳೆಯಬೇಕು. ಆರು ವಾರ ಮೊದಲೇ ಹುಟ್ಟಿದ ಎಂಟು ತಿಂಗಳ ಮಗು ಆರೂವರೆ ತಿಂಗಳ ಮಗುವಿನಷ್ಟು ಆಡಿದರೆ ಸಾಕು. ಪಕ್ಕದ ಮನೆಯ ಮಗು ಆಗಲೇ ಅಂಬೆಗಾಲಿಡುತ್ತಿದೆಯೆಂದು ಕೊರಗುವುದು ಬೇಡ. ಎರಡು ವರ್ಷದವರೆಗೂ ಈ ಲೆಕ್ಕವಿರಲಿ. ಲಸಿಕೆಗೆ ಮಾತ್ರ ಈ ರಿಯಾಯಿತಿಯಿಲ್ಲ. ಅದು ಸಾಮಾನ್ಯವಾಗಿ ಹುಟ್ಟಿದ ದಿನದಿಂದಲೇ ಎಣಿಕೆ.

34 ವಾರ ತುಂಬದೆ ಅಥವಾ ಎರಡು ಕಿಲೋ ತೂಗದೆ ಹುಟ್ಟಿದ ಶಿಶುವಿನ ಕಣ್ಣಿನ ಅಕ್ಷಿಪಟಲವನ್ನು ನಾಲ್ಕು ವಾರದೊಳಗೆ ಪರೀಕ್ಷಿಸಲೇಬೇಕು. ತಡವಾದರೆ ಹೋದ ದೃಷ್ಟಿ ಮರಳದು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಯೋಜನೆ ಈ ಪರೀಕ್ಷೆಯನ್ನು ಕ್ಯಾಮೆರಾಸಹಿತ ಜಿಲ್ಲೆಗಳಿಗೆ ಕೊಂಡೊಯ್ದಿದೆ. ಕಿವಿಯ ಪರೀಕ್ಷೆಗೆ ಮೈಸೂರಿನವರು ದೂರ ಹೋಗಬೇಕಾಗಿಲ್ಲ. 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿಯೇ ಇದೆ.

ಮುಹೂರ್ತದ ಮಾತು

ಕೊನೆಯದಾಗಿ ಒಂದು ಸಂಗತಿ. ಶಸ್ತ್ರಕ್ರಿಯೆಯಿಂದಲೇ ಹೆರಿಗೆಯೆಂದು ನಿಶ್ಚಯವಾದರೆ, ಪಂಚಾಂಗ ತೆರೆದು ಒಳ್ಳೆಯ ನಕ್ಷತ್ರ ಹುಡುಕುವ ಕುಟುಂಬಗಳು ಈಗ ಕಡಮೆಯೇನಿಲ್ಲ. ಆ ನಕ್ಷತ್ರ 36ನೆಯ ವಾರಕ್ಕೋ 37ನೆಯ ವಾರಕ್ಕೋ ಬಿದ್ದರೆ ಕೂಸು ತೆರಬೇಕಾದ ಬೆಲೆ ಇಷ್ಟು ಎಂಬುದನ್ನು ಮನೆಯ ಹಿರಿಯರು ಯೋಚಿಸಬೇಕು. ತಾಯಿಗಾಗಲಿ ಕೂಸಿಗಾಗಲಿ ಅಪಾಯವಿದ್ದಾಗ ಬೇಗನೆ ಹೆರಿಗೆ ಮಾಡಿಸುವ ಮಾತು ಬೇರೆ. ಅದನ್ನು ನಿರ್ಧರಿಸುವವರು ವೈದ್ಯರು. ಅಂತಹ ಕಾರಣವಿಲ್ಲದಿದ್ದರೆ 39 ವಾರ ತುಂಬುವವರೆಗೆ ಕಾಯುವುದೇ ಲೇಸು. ಹುಟ್ಟಲಿರುವ ಕೂಸಿಗೆ ಅದಕ್ಕಿಂತ ಶುಭವಾದ ಮುಹೂರ್ತವಿಲ್ಲ.