ಏಕಾಗ್ರತೆ ಸರಿ, ಆದರೆ ಯಾವುದರಲ್ಲಿ?

ಧ್ಯಾನವು ಗುಹೆ, ಆಶ್ರಮಗಳ ಗಡಿಯನ್ನು ದಾಟಿ ಬಹಳ ಕಾಲವಾಯಿತು. ಇಂದು ಅದು ಕಂಪೆನಿಗಳ ತರಬೇತಿ ಕೊಠಡಿಗಳಲ್ಲಿದೆ, ಪರೀಕ್ಷೆಗೆ ಸಿದ್ಧರಾಗುವ ಮಕ್ಕಳ ವೇಳಾಪಟ್ಟಿಯಲ್ಲಿದೆ, ತಿಂಗಳ ಚಂದಾ ಕಟ್ಟಿದವರಿಗೆ ಮೊಬೈಲಿನಲ್ಲಿ ದೊರೆಯುವ ಸೇವೆಗಳ ಪಟ್ಟಿಯಲ್ಲಿಯೂ ಇದೆ. ವಿಶ್ವಸಂಸ್ಥೆಯ ಮಹಾಸಭೆ 2024ರಲ್ಲಿ ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನವೆಂದು ಸಾರಿತು. ಎಲ್ಲೆಡೆ ನೀಡಲಾಗುವ ಭರವಸೆ ಹೆಚ್ಚುಕಡಿಮೆ ಒಂದೇ: ಚಂಚಲವಾದ ಮನಸ್ಸು ನಿಲ್ಲುತ್ತದೆ, ಏಕಾಗ್ರತೆ ಬೆಳೆಯುತ್ತದೆ, ಕಡೆಗೆ ತನ್ನನ್ನೇ ಮರೆಯುವಂಥ ತಲ್ಲೀನತೆ ಲಭಿಸುತ್ತದೆ. ಈ ಭರವಸೆ ಸುಳ್ಳೆಂದು ಹೇಳುವಂತಿಲ್ಲ. ಆದರೆ ಇಷ್ಟೆಲ್ಲ ಮಾತಿನ ನಡುವೆ ಒಂದು ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ. ಮನಸ್ಸು ನಿಲ್ಲುತ್ತದೆ, ಸರಿ, ಎಲ್ಲಿ ನಿಲ್ಲುತ್ತದೆ?

ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡಿದ್ದ ಒಂದು ಪರಂಪರೆಯ ಗುರುತುಗಳು ಕೊಡಗಿನ ಉತ್ತರದ ಅಂಚಿನಲ್ಲಿವೆ. ಹಾಸನ ಜಿಲ್ಲೆಯ ಗಡಿಗೆ ಹತ್ತಿರವಾಗಿರುವ ಶನಿವಾರಸಂತೆ, ಹೆಸರೇ ಹೇಳುವಂತೆ, ವಾರದ ಸಂತೆಯಿಂದ ಹುಟ್ಟಿದ ಊರು. ಕೊಡಗೆಂದರೆ ಕಾಫಿ ತೋಟ, ಮಂಜು, ಮೌನ ಎಂದಷ್ಟೇ ತಿಳಿದವರಿಗೆ ಈ ಊರು ಬೇರೆಯೇ ಮುಖವನ್ನು ತೋರಿಸುತ್ತದೆ. ಹಸಿಮೆಣಸಿನಕಾಯಿಯ ಮೂಟೆಗಳು, ಶುಂಠಿಯ ರಾಶಿ, ದರಕ್ಕಾಗಿ ನಡೆಯುವ ಚೌಕಾಸಿ, ಊರಿಗೆ ಮರಳುವವರ ಅವಸರ. ಮನಸ್ಸು ಚದುರಿಹೋಗಲು ಇದಕ್ಕಿಂತ ಯೋಗ್ಯವಾದ ಸ್ಥಳ ಮತ್ತೊಂದಿಲ್ಲವೆನಿಸುತ್ತದೆ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಮುಳ್ಳೂರು ಇದೆ. ಅಲ್ಲಿ ಪಾರ್ಶ್ವನಾಥ, ಚಂದ್ರನಾಥ, ಶಾಂತಿನಾಥರ ಮೂರು ಬಸದಿಗಳಿವೆ. ಅರಕಲಗೂಡು ಸೀಮೆಯನ್ನೂ ಉತ್ತರ ಕೊಡಗನ್ನೂ ಆಳಿದ ಕೊಂಗಾಳ್ವರ ಕಾಲದ ಈ ಕಟ್ಟಡಗಳು ಈಗ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ.

ಮುಳ್ಳೂರಿನ ಶಾಸನಗಳು ಬಿ.ಎಲ್. ರೈಸ್ ಅವರು ಸಂಪಾದಿಸಿದ ಕೊಡಗಿನ ಶಾಸನ ಸಂಪುಟದಲ್ಲಿ ಸೇರಿವೆ. ಅವುಗಳ ನಡುವೆ ಮತ್ತೆ ಮತ್ತೆ ಎದುರಾಗುವ ಹೆಸರು ಗುಣಸೇನ ಪಂಡಿತರದು. ಕೊಂಗಾಳ್ವ ರಾಜಮನೆತನಕ್ಕೆ ಗುರುವಾಗಿದ್ದವರು ಅವರು. ರಾಜೇಂದ್ರ ಕೊಂಗಾಳ್ವನು 1058ರಲ್ಲಿ ತನ್ನ ತಂದೆ ಕಟ್ಟಿಸಿದ ಬಸದಿಗೆ ಭೂಮಿಯನ್ನು ದತ್ತಿಬಿಟ್ಟನು. ಅವನ ತಾಯಿ ಪೋಚಬ್ಬರಸಿ ತನ್ನ ಗುರುವಾದ ಗುಣಸೇನರ ಪ್ರತಿಮೆಯನ್ನು ಮಾಡಿಸಿದಳು. 1064ರಲ್ಲಿ ಗುಣಸೇನರು ದೇಹತ್ಯಾಗ ಮಾಡಿದ ಸಂಗತಿಯೂ ಕಲ್ಲಿನಲ್ಲಿ ದಾಖಲಾಗಿದೆ. ಇವೆಲ್ಲ ರಾಜಗುರುವೊಬ್ಬರ ವಿಷಯದಲ್ಲಿ ನಾವು ನಿರೀಕ್ಷಿಸುವಂಥವೇ. ನನ್ನ ಗಮನವನ್ನು ಸೆಳೆದದ್ದು ಇನ್ನೊಂದು ಪುಟ್ಟ ಉಲ್ಲೇಖ: ಇದೇ ಗುಣಸೇನ ಪಂಡಿತರು ಮುಳ್ಳೂರಿಗಾಗಿ ನಾಗಬಾವಿಯೊಂದನ್ನು ತೋಡಿಸಿದರು. ಸಂಸಾರವನ್ನು ತೊರೆದ ಯತಿಗೆ ಊರವರ ನೀರಿನ ಚಿಂತೆ ಯಾಕೆ ಬೇಕಿತ್ತು? ಈ ಪ್ರಶ್ನೆಗೆ ಉತ್ತರವನ್ನು ಅವರ ಪರಂಪರೆ ಧ್ಯಾನವನ್ನು ಹೇಗೆ ಅರ್ಥಮಾಡಿಕೊಂಡಿತ್ತು ಎಂಬಲ್ಲಿ ಹುಡುಕಬಹುದೆಂದು ನನಗೆ ತೋರುತ್ತದೆ.

ಜೈನರ ಎರಡೂ ಪಂಥಗಳು ಪ್ರಮಾಣವೆಂದು ಒಪ್ಪಿದ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಧ್ಯಾನದ ವಿವೇಚನೆಯಿದೆ. ಒಂದೇ ವಿಷಯದ ಮೇಲೆ ಚಿಂತನೆಯನ್ನು ನಿಲ್ಲಿಸುವುದೇ ಧ್ಯಾನವೆಂಬುದು ಅಲ್ಲಿನ ಲಕ್ಷಣ. ಇಷ್ಟರಮಟ್ಟಿಗೆ ಇತರ ದರ್ಶನಗಳೊಂದಿಗೆ ಅದಕ್ಕೆ ದೊಡ್ಡ ಭೇದವಿಲ್ಲ. ಆದರೆ ಅನಂತರ ಮಾಡುವ ವಿಭಾಗ ಮಾತ್ರ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಧ್ಯಾನಗಳು ನಾಲ್ಕು: ಆರ್ತ, ರೌದ್ರ, ಧರ್ಮ್ಯ ಮತ್ತು ಶುಕ್ಲ. ಕೊನೆಯ ಎರಡು ಮಾತ್ರ ಮೋಕ್ಷಕ್ಕೆ ಕಾರಣ. ಮೊದಲಿನ ಎರಡು ಬಂಧನಕ್ಕೆ ದಾರಿ. ಆದರೂ ಅವು ಧ್ಯಾನಗಳೇ.

ಬೇಡದ್ದು ಅಂಟಿಕೊಂಡಿದೆಯಲ್ಲ, ಅದು ಹೇಗೆ ತೊಲಗೀತು ಎಂದು ಬಿಡದೆ ಚಿಂತಿಸುವುದು, ಬೇಕಾದದ್ದು ಕಳೆದುಹೋಯಿತೆಂದು ಹಲುಬುವುದು, ನೋವನ್ನೇ ನೆನೆಯುತ್ತ ಕೂರುವುದು, ಮುಂದೆ ಸಿಗಬೇಕಾದ ಭೋಗದ ಮೇಲೆ ಮನಸ್ಸನ್ನು ನೆಡುವುದು, ಇವು ಆರ್ತಧ್ಯಾನದ ನಾಲ್ಕು ಬಗೆಗಳು. ಹಿಂಸೆ, ಸುಳ್ಳು, ಕಳವು ಮತ್ತು ತನ್ನ ಆಸ್ತಿಯ ರಕ್ಷಣೆ, ಇವುಗಳಲ್ಲಿ ಮುಳುಗಿರುವುದು ರೌದ್ರಧ್ಯಾನ. ಹೊಂಚುಹಾಕಿ ಕುಳಿತ ಬೇಟೆಗಾರನಿಗೆ ಏಕಾಗ್ರತೆಯ ಕೊರತೆಯಿರುವುದಿಲ್ಲ. ಆಸ್ತಿಯ ವ್ಯಾಜ್ಯದಲ್ಲಿ ತಮ್ಮನನ್ನು ಸೋಲಿಸುವ ಉಪಾಯವನ್ನು ರಾತ್ರಿಯಿಡೀ ಹೊಸೆಯುವ ಅಣ್ಣನಿಗೆ ಹಸಿವು ನಿದ್ರೆಗಳ ಪರಿವೆಯಿರುವುದಿಲ್ಲ. ಹಗೆಯನ್ನು ಸಾಕಿಕೊಂಡವನ ಮನಸ್ಸು ಋಷಿಯ ಮನಸ್ಸಿನಷ್ಟೇ ಅಚಲವಾಗಿ ಒಂದೆಡೆ ನಿಂತಿರಬಲ್ಲದು. ಏಕಾಗ್ರತೆಯನ್ನೇ ಅಳತೆಗೋಲಾಗಿ ಹಿಡಿದರೆ ಇವರೆಲ್ಲರೂ ಧ್ಯಾನಿಗಳೆಂದು ಒಪ್ಪಬೇಕಾಗುತ್ತದೆ. ಪ್ರಾಚೀನರು ಒಪ್ಪಿದರು; ಒಪ್ಪಿದ್ದರಿಂದಲೇ ತಲ್ಲೀನತೆಯನ್ನು ಸ್ವತಃ ಒಂದು ಸದ್ಗುಣವೆಂದು ಅವರು ಭಾವಿಸಲಿಲ್ಲ.

ನಮ್ಮ ಕಾಲಕ್ಕೆ ಈ ವಿವೇಕ ಹೆಚ್ಚು ಬೇಕಾಗಿದೆ. ನಮ್ಮ ಗಮನ ಚೂರುಚೂರಾಗಿದೆಯೆಂದು ದೂರುವುದು ವಾಡಿಕೆ. ಸೂಕ್ಷ್ಮವಾಗಿ ನೋಡಿದರೆ ಆಧುನಿಕ ಮನುಷ್ಯನಿಗೆ ತಲ್ಲೀನತೆಯ ಅಭಾವವೇನೂ ಇಲ್ಲ. ಮೊಬೈಲಿನ ಪರದೆಯನ್ನು ಬೆರಳಿನಿಂದ ಸರಿಸುತ್ತ ಎರಡು ಗಂಟೆ ಕಳೆದವನಿಗೆ ಕಾಲದ ಅರಿವಿರಲಿಲ್ಲ, ಪಕ್ಕದಲ್ಲಿ ಕುಳಿತವರ ಅರಿವೂ ಇರಲಿಲ್ಲ. ಅಮೆರಿಕದ ಮಾನವಶಾಸ್ತ್ರಜ್ಞೆ ನತಾಶಾ ಡೋ ಶುಲ್ ಅವರು ಲಾಸ್ ವೇಗಸ್‌ನ ಜೂಜುಯಂತ್ರಗಳ ಮುಂದೆ ಕೂರುವವರನ್ನು ಕುರಿತು ದೀರ್ಘಕಾಲ ಅಧ್ಯಯನ ನಡೆಸಿ 2012ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಆ ಜೂಜುಗಾರರಲ್ಲಿ ಅನೇಕರು ಆಡುತ್ತಿದ್ದದ್ದು ಗೆಲ್ಲುವುದಕ್ಕಾಗಿ ಅಲ್ಲ; ಕಾಲ, ದೇಹ, ಸಾಲ, ಸಂಬಂಧ ಎಲ್ಲವೂ ಮರೆತುಹೋಗುವ ಒಂದು ಸ್ಥಿತಿಯಲ್ಲಿ ಆದಷ್ಟು ಹೊತ್ತು ಉಳಿಯುವುದಕ್ಕಾಗಿ. ಆ ಸ್ಥಿತಿಯನ್ನು ಅವರು ಯಂತ್ರದ ವಲಯವೆಂದು ಕರೆಯುತ್ತಿದ್ದರು. ‘ನಾನು’ ಎಂಬುದು ಕರಗಿಹೋಗುವುದೇ ಸಮಾಧಿಯ ಲಕ್ಷಣವೆಂದರೆ ಇವರೂ ಸಮಾಧಿಯ ಹೊಸ್ತಿಲಲ್ಲಿಯೇ ಇದ್ದರೆನ್ನಬೇಕು. ಮುಳ್ಳೂರಿನ ಯತಿಗಳ ಶಾಸ್ತ್ರ ಇದನ್ನು ಆರ್ತಧ್ಯಾನದ ಸಾಲಿಗೆ ಸೇರಿಸಿ ಮುಂದೆ ಹೋಗುತ್ತಿತ್ತು.

ಮನಶ್ಶಾಸ್ತ್ರವೂ ತನ್ನದೇ ಹಾದಿಯಲ್ಲಿ ಈ ಎಡೆಗೆ ಬಂದಿದೆ. ಹಂಗೇರಿ ಮೂಲದ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ಅವರು ಚಿತ್ರಕಾರರು ಕೆಲಸದಲ್ಲಿ ಹಸಿವು, ದಣಿವುಗಳನ್ನು ಮರೆಯುವುದನ್ನು ಕಂಡು ಬೆರಗಾಗಿ ಸಂಶೋಧನೆ ಆರಂಭಿಸಿದರು. ಕೌಶಲವೂ ಸವಾಲೂ ಸರಿದೂಗಿದಾಗ ಮನಸ್ಸು ಕ್ರಿಯೆಯೊಂದಿಗೆ ಒಂದಾಗಿ ಹರಿಯುತ್ತದೆಂಬ ಅವರ 1990ರ ಗ್ರಂಥ ಜಗತ್ಪ್ರಸಿದ್ಧವಾಯಿತು. ಅದನ್ನು ಉಲ್ಲೇಖಿಸುವವರು ಬಹಳ ಮಂದಿ. ಆದರೆ ಈ ಹರಿವು ಬೆಂಕಿಯಂಥ ಶಕ್ತಿ, ಒಳಿತಿಗೂ ಕೆಡುಕಿಗೂ ಅದು ಬಳಕೆಯಾಗಬಲ್ಲದೆಂಬ ಎಚ್ಚರಿಕೆಯೂ ಅವರಲ್ಲಿಯೇ ಇದೆಯೆಂಬುದನ್ನು ನೆನೆಯುವವರು ಕಡಿಮೆ.

ಹಾಗಾದರೆ ತಲ್ಲೀನತೆಗೆ ಯೋಗ್ಯವಾದ ನೆಲೆ ಯಾವುದು? ಪತಂಜಲಿಯ ಯೋಗಸೂತ್ರಗಳಲ್ಲಿ ಧಾರಣೆ, ಧ್ಯಾನ, ಸಮಾಧಿಗಳು ಎಂಟು ಅಂಗಗಳ ಪೈಕಿ ಕೊನೆಯ ಮೂರು. ಮೊದಲನೆಯದು ಯಮ; ಎಂದರೆ ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ. ಇವುಗಳಲ್ಲಿ ನಾಲ್ಕನ್ನು ರೌದ್ರಧ್ಯಾನದ ನಾಲ್ಕು ಬಗೆಗಳ ಪಕ್ಕದಲ್ಲಿರಿಸಿ ನೋಡಿದರೆ ಸೋಜಿಗವಾಗುತ್ತದೆ. ಹಿಂಸೆಗೆ ಎದುರಾಗಿ ಅಹಿಂಸೆ, ಸುಳ್ಳಿಗೆ ಸತ್ಯ, ಕಳವಿಗೆ ಅಸ್ತೇಯ, ಆಸ್ತಿಯ ಕಾವಲಿಗೆ ಅಪರಿಗ್ರಹ. ಕಣ್ಣು ಮುಚ್ಚಿ ಕೂರುವ ಮೊದಲೇ ಮನಸ್ಸು ರೌದ್ರದ ಕಡೆ ವಾಲದಂತೆ ನೆಲವನ್ನು ಹದಮಾಡುವ ಉಪಾಯವಿದು. ಬೌದ್ಧರು ತಮ್ಮ ಎಂಟನೆಯ ಅಂಗವನ್ನು ಬರಿಯ ಸಮಾಧಿಯೆಂದು ಕರೆಯದೆ ಸಮ್ಯಕ್ ಸಮಾಧಿಯೆಂದು ಕರೆದರು. ಕೊಡಗಿನ ಗಡಿಗೆ ಹೊಂದಿಕೊಂಡಿರುವ ಬೈಲುಕುಪ್ಪೆಯ ಟಿಬೆಟನ್ ವಿಹಾರಗಳಿಗೆ ಪ್ರವಾಸಿಗರು ಸಾಲುಗಟ್ಟಿ ಹೋಗುತ್ತಾರೆ. ಅಲ್ಲಿನ ಭಿಕ್ಷುಗಳ ಶಾಂತ ಮುಖವನ್ನು ನೋಡಿ ಮೆಚ್ಚುವ ನಾವು ಆ ಶಾಂತಿಯ ಹಿಂದಿರುವ ಶೀಲದ ಕಟ್ಟಳೆಗಳನ್ನು ವಿಚಾರಿಸುವುದಿಲ್ಲ.

ಶರಣರದು ಇನ್ನೂ ನೇರವಾದ ದಾರಿ. ಹುಲ್ಲು ಕೊಯ್ದು ಹಗ್ಗ ಹೊಸೆದು ಬದುಕುತ್ತಿದ್ದ ನುಲಿಯ ಚಂದಯ್ಯನ ಕಥೆ ಕನ್ನಡಿಗರಿಗೆ ತಿಳಿದದ್ದೇ. ಹುಲ್ಲು ಕೊಯ್ಯುವಾಗ ಇಷ್ಟಲಿಂಗವೇ ಕಳಚಿಬಿದ್ದರೂ ಆತ ಕಾಯಕವನ್ನು ನಿಲ್ಲಿಸಲಿಲ್ಲವಂತೆ. ಇದನ್ನು ಭಕ್ತಿಯ ಉದಾಸೀನವೆಂದು ಶರಣರು ಕಾಣಲಿಲ್ಲ. ಆತನ ಹಗ್ಗದ ದುಡಿಮೆ ಜಂಗಮ ದಾಸೋಹಕ್ಕೆ ಸಲ್ಲುತ್ತಿತ್ತು. ಆದ್ದರಿಂದ ಆ ತಲ್ಲೀನತೆ ಪೂಜೆಗೆ ಸಮನಾಯಿತು. ಅದೇ ಹಗ್ಗವನ್ನು ಮತ್ತೊಬ್ಬನ ಕೊರಳಿಗೆಂದು ಅಷ್ಟೇ ತನ್ಮಯತೆಯಿಂದ ಹೊಸೆದಿದ್ದರೆ ಕೈಚಳಕ ಒಂದೇ ಆಗಿರುತ್ತಿತ್ತು, ಫಲ ಬೇರೆಯಾಗಿರುತ್ತಿತ್ತು.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ದಿನವಿಡೀ ದುಡಿದು ಬಳಲಿದವನು ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಕುಳಿತು ಕೊಂಚ ನೆಮ್ಮದಿ ಪಡೆದರೆ ಅದಕ್ಕೂ ಶೀಲ, ಯಮಗಳ ಸುಂಕವನ್ನು ಹೇರಬೇಕೆ? ಖಂಡಿತ ಬೇಡ. ನೆಮ್ಮದಿ ಯಾವ ಬಾಗಿಲಿನಿಂದ ಬಂದರೂ ಸ್ವಾಗತಾರ್ಹ. ಹಾರ್ವರ್ಡ್ ವಿಶ್ವವಿದ್ಯಾಲಯದ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಅವರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎಚ್ಚರವಿರುವ ಹೊತ್ತಿನಲ್ಲಿ ವಿಚಾರಿಸಿದಾಗ ಸುಮಾರು ಶೇ 47ರಷ್ಟು ಸಂದರ್ಭಗಳಲ್ಲಿ ಜನರ ಮನಸ್ಸು ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಬೇರೆಲ್ಲೋ ಇತ್ತು. ಅಲೆಯುವ ಮನಸ್ಸು ಕಡಿಮೆ ಸುಖಿಯೂ ಆಗಿತ್ತು. ಆದ್ದರಿಂದ ಮನಸ್ಸನ್ನು ಕರೆತಂದು ಕೂರಿಸುವ ಅಭ್ಯಾಸಕ್ಕೆ ಬೆಲೆಯಿದ್ದೇ ಇದೆ. ಈ ವಿಷಯದಲ್ಲಿ ಪ್ರಾಚೀನರು ನಮಗಿಂತ ವಿನಯಶಾಲಿಗಳು. ಒಂದು ಮುಹೂರ್ತವೆಂದರೆ 48 ನಿಮಿಷ. ಉತ್ತಮ ದೇಹಬಲವುಳ್ಳವನಿಗೂ ಅಂತರ್ಮುಹೂರ್ತದವರೆಗೆ, ಎಂದರೆ ಅದಕ್ಕಿಂತ ಕಡಿಮೆ ಅವಧಿಯವರೆಗೆ ಮಾತ್ರ ಧ್ಯಾನ ನಿಲ್ಲಬಲ್ಲದೆಂದು ತತ್ತ್ವಾರ್ಥಸೂತ್ರ ಮಿತಿ ಹಾಕಿದೆ. ಐದು ನಿಮಿಷದಲ್ಲಿ ಮನಸ್ಸು ಓಡಿಹೋಯಿತೆಂದು ಕೊರಗುವವರು ಇದರಿಂದ ಸಮಾಧಾನ ತಾಳಬಹುದು. ನಾಲ್ಕು ದಿನಗಳ ಶಿಬಿರದಲ್ಲಿ ಸಮಾಧಿಯನ್ನು ದೊರಕಿಸುತ್ತೇವೆನ್ನುವವರು ಇದನ್ನು ಓದಿ ತುಸು ಸಂಕೋಚಪಡಬಹುದು.

ಅಂಥ ಭರವಸೆಗಳ ಬಗೆಗೆ ಎಚ್ಚರ ಬೇಕೆನ್ನಲು ಇನ್ನೊಂದು ಕಾರಣವೂ ಇದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಜೇರ್ಡ್ ಲಿಂಡಾಲ್, ವಿಲ್ಲಬಿ ಬ್ರಿಟನ್ ಮತ್ತು ಅವರ ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನವು ಬೌದ್ಧ ಧ್ಯಾನವನ್ನು ಅಭ್ಯಾಸ ಮಾಡುವವರಲ್ಲಿ ಕೆಲವರಿಗೆ ಭಯ, ಆತಂಕ, ನಿದ್ರಾಹೀನತೆ, ತನ್ನತನವೇ ಕಳೆದುಹೋದಂಥ ತಳಮಳ ಎದುರಾದದ್ದನ್ನು ದಾಖಲಿಸಿದೆ. ಆರ್ತವಾದ ಮನಸ್ಸನ್ನು ಮೌನದಲ್ಲಿ ಒಂಟಿಯಾಗಿ ಕೂರಿಸಿದರೆ ಅದು ತನ್ನ ನೋವಿನ ಮೇಲೆಯೇ ಇನ್ನಷ್ಟು ಏಕಾಗ್ರವಾಗಬಹುದು. ಭಾರಿ ಆಘಾತಕ್ಕೆ ಸಿಕ್ಕವರಿಗೆ, ತೀವ್ರ ಖಿನ್ನತೆಯಿಂದ ಬಳಲುವವರಿಗೆ ಮೊದಲು ಬೇಕಾದದ್ದು ವೈದ್ಯರು ಮತ್ತು ಜೊತೆಗಾರರು. ‘ಧ್ಯಾನ ಮಾಡು, ಎಲ್ಲ ಸರಿಹೋಗುತ್ತದೆ’ ಎಂಬ ಉಪದೇಶ ಎಷ್ಟೋ ಸಲ ನೆರವಾಗುವ ಹೊಣೆಯಿಂದ ನುಣುಚಿಕೊಳ್ಳುವ ಸುಲಭದ ಮಾರ್ಗವಾಗಿರುತ್ತದೆ. ಸಾಲದಲ್ಲಿ ಮುಳುಗಿದ ರೈತನಿಗೂ, ಹದಿನಾಲ್ಕು ಗಂಟೆ ದುಡಿಯುವ ನೌಕರನಿಗೂ ಶಾಂತಿಯ ಪಾಠ ಹೇಳಿ, ಅವರನ್ನು ಅಶಾಂತಗೊಳಿಸಿದ ಕಾರಣಗಳನ್ನು ಇದ್ದಲ್ಲಿಯೇ ಬಿಡುವುದು ನ್ಯಾಯವಲ್ಲ.

ಧ್ಯಾನ ಮುಗಿದ ಮೇಲೆ ಎದ್ದವನು ಏನಾಗಿದ್ದಾನೆಂಬುದೇ ಕಡೆಗೂ ಉಳಿಯುವ ಪರೀಕ್ಷೆ. ಜೂಜುಯಂತ್ರದ ಮುಂದಿನಿಂದ ಎದ್ದವನು ಬರಿದಾಗಿ ಏಳುತ್ತಾನೆ. ಹಗೆಯ ಧ್ಯಾನದಿಂದ ಎದ್ದವನು ಮತ್ತಷ್ಟು ಕಹಿಯಾಗಿ ಏಳುತ್ತಾನೆ. ಧರ್ಮ್ಯಧ್ಯಾನದ ಬಗೆಗಳಲ್ಲಿ ಅಪಾಯವಿಚಯವೆಂಬುದೊಂದಿದೆ. ದಾರಿ ತಪ್ಪಿದ ಜೀವಿಗಳು ಪಡುವ ಸಂಕಟವನ್ನೂ ಅದರಿಂದ ಅವು ಪಾರಾಗುವ ಬಗೆಯನ್ನೂ ಚಿಂತಿಸುವುದು ಅದು. ಆ ಚಿಂತನೆಯಲ್ಲಿ ಕಣ್ಣು ಮುಚ್ಚಿದವನಿಗೆ, ಕಣ್ಣು ತೆರೆದಾಗ, ಎದುರಿಗಿರುವ ಮನುಷ್ಯ ಮೊದಲಿಗಿಂತ ಸ್ಪಷ್ಟವಾಗಿ ಕಾಣಬೇಕು. ಮನೆಯವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ, ತೂಕದಲ್ಲಿ ಮೋಸ ಮಾಡದ ಕೈ, ದುರ್ಬಲನ ಮೇಲೆ ಏರದ ದನಿ, ಇವು ಹೊರಗೆ ಕಾಣುವ ಗುರುತುಗಳು. ಇವಿಲ್ಲದ ಸಮಾಧಿ ಎಷ್ಟೇ ಆಳವಾದದ್ದೆಂದು ಹೇಳಿಕೊಂಡರೂ ಅದನ್ನು ನಂಬಲು ನಮಗೆ ಆಧಾರವಿಲ್ಲ.

ಗುಣಸೇನ ಪಂಡಿತರ ಅಂತರಂಗದಲ್ಲಿ ಯಾವ ಬೆಳಕಿತ್ತೆಂಬುದನ್ನು ಯಾವ ಶಾಸನವೂ ಹೇಳಲಾರದು. ಅನುಭವ ಕಲ್ಲಿಗೆ ಸಿಕ್ಕುವಂಥದಲ್ಲ. ಒಬ್ಬ ರಾಣಿ ಗೌರವದಿಂದ ಮಾಡಿಸಿದ ಪ್ರತಿಮೆಯ ಸುದ್ದಿ, ಒಂದು ಮರಣದ ವರ್ಷ, ಊರಿಗೆಂದು ತೋಡಿಸಿದ ಒಂದು ಬಾವಿ, ನಮಗೆ ಉಳಿದಿರುವುದು ಇಷ್ಟೇ. ಇವುಗಳ ಪೈಕಿ ಮೊದಲಿನದು ಶಿಷ್ಯೆಯ ಭಕ್ತಿಗೆ ಸಾಕ್ಷಿ, ಎರಡನೆಯದು ಎಲ್ಲರಿಗೂ ಬರುವಂಥದು. ಬಾವಿ ಮಾತ್ರ ಅವರೇ ಆಯ್ದುಕೊಂಡ ಕೆಲಸ. ತನ್ನೊಳಗೆ ಇಳಿಯಲು ಬಲ್ಲವರು ನೆಲದೊಳಗೂ ಇಳಿದು ಇತರರಿಗೆ ನೀರು ತಂದರು. ಧ್ಯಾನದ ಹೆಸರಿನಲ್ಲಿ ನಮ್ಮ ಮುಂದೆ ಏನನ್ನೇ ಇಟ್ಟರೂ ಇದೊಂದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು: ಇದರಿಂದ ಯಾರ ಬಾಯಾರಿಕೆ ನೀಗುತ್ತದೆ?